ಮಳೆಗಾಲದ ಬೈಕು ಸವಾರಿ: ಟೈರಿನ ಆಯ್ಕೆ ಹೇಗೆ?

ನಮ್ಮ ಊರುಗಳಲ್ಲಿ ಮೃಗಶಿರಾ ಮಳೆ ಎಂದರೆ ಬಿತ್ತನೆಯ ನೆನಪು. ಹೈದರಾಬಾದಿನಲ್ಲಿ ಅದೇ ಮೃಗಶಿರ ಕಾರ್ತೆ ಬಂದಿತೆಂದರೆ ಬೇಸಗೆಯ ನಲವತ್ತು ಡಿಗ್ರಿ ಬಿಸಿಲಿನಿಂದ ಬಿಡುಗಡೆಯ ಸಂತೋಷ. ಆದರೆ ಕೂಕಟ್‌ಪಲ್ಲಿ, ಮೂಸಾಪೇಟೆ, ನಿಜಾಂಪೇಟೆ, ಮಿಯಾಪುರಗಳಲ್ಲಿ ನೆಲೆಸಿ ದಿನನಿತ್ಯ ದ್ವಿಚಕ್ರ ವಾಹನದಲ್ಲಿಯೇ ಓಡಾಡುವ ನಮ್ಮ ಕುಟುಂಬಗಳಿಗೆ ಈ ಸಂತೋಷದ ಜೊತೆಗೆ ಒಂದು ಆತಂಕವೂ ಬರುತ್ತದೆ. ಮಗ ಹೈಟೆಕ್ ಸಿಟಿಯಿಂದ ಮನೆಗೆ ಬಂದನೇ, ಸೊಸೆ ಸ್ಕೂಟರಿನಲ್ಲಿ ಮಕ್ಕಳನ್ನು ಶಾಲೆಯಿಂದ ಕರೆತಂದಳೇ ಎಂದು ಬಾಲ್ಕನಿಯಲ್ಲಿ ನಿಂತು ದಾರಿ ನೋಡದ ಮನೆಯಿಲ್ಲ.

ಮಳೆಗಾಲಕ್ಕೆಂದು ನಾವು ರೇನ್‌ಕೋಟು ಕೊಳ್ಳುತ್ತೇವೆ, ಸೀಟಿಗೆ ಹೊದಿಕೆ ಹಾಕಿಸುತ್ತೇವೆ, ಮೊಬೈಲಿಗೆ ಪ್ಲಾಸ್ಟಿಕ್ ಚೀಲ ಹುಡುಕುತ್ತೇವೆ. ಆದರೆ ಒದ್ದೆ ರಸ್ತೆಯನ್ನು ನಿಜವಾಗಿ ಮುಟ್ಟುವ ವಸ್ತುವಾದ ಟೈರಿನ ಕಡೆಗೆ ನಮ್ಮ ಗಮನ ಹರಿಯುವುದು ಪಂಕ್ಚರ್ ಆದಾಗ ಮಾತ್ರ. ಟೈರನ್ನು ಯಾವಾಗ ಬದಲಿಸಬೇಕು, ಕೊಳ್ಳುವಾಗ ಏನನ್ನು ನೋಡಬೇಕು, ಕೊಂಡ ಮೇಲೆ ಹೇಗೆ ನೋಡಿಕೊಳ್ಳಬೇಕು ಎಂಬ ವಿಷಯಗಳನ್ನು ಒಂದೆಡೆ ಕೊಡುವುದು ಈ ಲೇಖನದ ಉದ್ದೇಶ. ಲೇಖಕನು ಯಂತ್ರಶಾಸ್ತ್ರಜ್ಞನಲ್ಲ, ಮೂವತ್ತು ವರ್ಷ ದ್ವಿಚಕ್ರ ವಾಹನದಲ್ಲಿಯೇ ಬ್ಯಾಂಕಿಗೆ ಹೋಗಿಬಂದವನು, ಮತ್ತು ಈ ಪಾಠವನ್ನು ಸ್ವಲ್ಪ ಬೆಲೆ ತೆತ್ತು ಕಲಿತವನು.

ತೆತ್ತ ಬೆಲೆ

ಕೆಲವು ವರ್ಷಗಳ ಹಿಂದಿನ ಮಾತು. ಯುಗಾದಿಯ ಹೊತ್ತಿಗೆ ಬೈಕನ್ನು ಸರ್ವೀಸಿಗೆ ಬಿಟ್ಟಾಗ ಮೆಕ್ಯಾನಿಕ್ ಹುಡುಗನು ಹಿಂದಿನ ಚಕ್ರವನ್ನು ತಿರುಗಿಸಿ ತೋರಿಸಿ, "ಸಾರ್, ಟೈರು ಅಯಿಪೋಯಿಂದಿ" ಎಂದಿದ್ದ. ದಸರೆಗೆ ಆಯುಧಪೂಜೆಯ ಮುನ್ನ ಬದಲಿಸಿದರಾಯಿತು, ಇನ್ನೂ ನಾಲ್ಕಾರು ತಿಂಗಳು ಓಡುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಶ್ರಾವಣದಲ್ಲಿ ಒಂದು ಸಂಜೆ ವರಮಹಾಲಕ್ಷ್ಮಿ ಹಬ್ಬಕ್ಕೆ ಹೂವು ಹಣ್ಣು ತರಲೆಂದು ಶ್ರೀಮತಿಯವರೊಡನೆ ಹೊರಟಿದ್ದೆ. ತುಂತುರು ಮಳೆ. ವೇಗವೂ ಹೆಚ್ಚಿರಲಿಲ್ಲ. ಮುಂದಿದ್ದ ಆಟೋ ನಿಂತಿತು. ನಾನು ಬ್ರೇಕು ಒತ್ತಿದೆ. ರಸ್ತೆಗೆ ಬಳಿದ ಬಿಳಿಯ ಪಟ್ಟೆಯ ಮೇಲೆ ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ನನಗೆ ಮೊಣಕಾಲು ತರಚಿತು, ಅವರಿಗೆ ಬಲಗೈ ಮಣಿಕಟ್ಟಿನ ಮೂಳೆ ಸೀಳಿತು. ಆರು ವಾರ ಪ್ಲಾಸ್ಟರು. ಆ ವರ್ಷ ಹಬ್ಬದ ರಂಗೋಲಿಯನ್ನು ಮಗಳು ಹಾಕಿದಳು. ಶ್ರೀಮತಿಯವರು ನನ್ನನ್ನು ಬಯ್ಯಲಿಲ್ಲ. "ಹಿಂದೆ ಬಸ್ಸು ಬರಲಿಲ್ಲವಲ್ಲ, ಅಷ್ಟೇ ಸಾಕು" ಎಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ನಾನು ಮುಂದೂಡಿದ್ದ ಖರ್ಚು ಎರಡು ಸಾವಿರ ರೂಪಾಯಿಯ ಆಸುಪಾಸಿನದು. ಉಳಿದ ಲೆಕ್ಕವನ್ನು ಓದುಗರೇ ಮಾಡಬಹುದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಮೃತಪಟ್ಟರು. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಇವೆಲ್ಲವೂ ಟೈರಿನಿಂದಾದ ಅಪಘಾತಗಳಲ್ಲ. ಆದರೂ ಎರಡೇ ಚಕ್ರಗಳ ಮೇಲೆ ಕುಳಿತವನಿಗೆ ತಪ್ಪಿನ ಅವಕಾಶ ಎಷ್ಟು ಕಡಿಮೆ ಎಂಬುದನ್ನು ಈ ಅಂಕಿಗಳು ಹೇಳುತ್ತವೆ.

ನಮ್ಮ ರಸ್ತೆ, ನಮ್ಮ ಮಳೆ

ಹೈದರಾಬಾದಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 80 ಸೆಂಟಿಮೀಟರಿನಷ್ಟು. ನಮ್ಮ ಮಲೆನಾಡು, ಕರಾವಳಿಗಳ ಮುಂದೆ ಇದು ಏನೂ ಅಲ್ಲ. ಆದರೆ ಇಲ್ಲಿಯ ಮಳೆ ಸುರಿದರೆ ಒಮ್ಮೆಲೇ ಸುರಿಯುತ್ತದೆ. 2000ದ ಆಗಸ್ಟ್ 24ರಂದು ಒಂದೇ ದಿನದಲ್ಲಿ 24 ಸೆಂ.ಮೀ. ಮಳೆಯಾಯಿತು. 2020ರ ಅಕ್ಟೋಬರ್ 13 ಮತ್ತು 14ರ ನಡುವೆ, ಚಿತ್ತೆ ಮಳೆಯ ಕಾಲದಲ್ಲಿ, ಬೇಗಂಪೇಟೆಯಲ್ಲಿ 19 ಸೆಂ.ಮೀ. ದಾಟಿತು. 1908ರ ಸೆಪ್ಟೆಂಬರಿನ ಮೂಸಿ ಪ್ರವಾಹದ ನಂತರ ಈ ನಗರವನ್ನು ನೀರಿನಿಂದ ಕಾಪಾಡುವ ಯೋಜನೆ ರೂಪಿಸಲು ನಿಜಾಮರು ಕರೆಸಿಕೊಂಡದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಎಂಬುದು ಇಲ್ಲಿಯ ಕನ್ನಡಿಗರೆಲ್ಲರೂ ಅಭಿಮಾನದಿಂದ ನೆನೆಯುವ ಸಂಗತಿ. ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ತಲೆಯೆತ್ತಿದ್ದು ಆ ಚಿಂತನೆಯ ಫಲವಾಗಿ.

ಕೂಕಟ್‌ಪಲ್ಲಿಯ ನಡುವೆ ಹಾದುಹೋಗುವುದು ಮುಂಬಯಿ ಹೆದ್ದಾರಿ, ಅಂದರೆ ರಾಷ್ಟ್ರೀಯ ಹೆದ್ದಾರಿ 65. ಇದು ಪುಣೆಯಿಂದ ಹೊರಟು ಸೊಲ್ಲಾಪುರ, ನಮ್ಮ ಬೀದರ್ ಜಿಲ್ಲೆಯ ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿಗಳ ಮೂಲಕ ಇಲ್ಲಿಗೆ ಬಂದು ಮುಂದೆ ವಿಜಯವಾಡದ ಕಡೆಗೆ ಸಾಗುತ್ತದೆ. ಬೀದರ, ಕಲಬುರಗಿ ಕಡೆಯ ನಮ್ಮ ಹುಡುಗರು ಹಬ್ಬಕ್ಕೆಂದು ಬೈಕಿನಲ್ಲಿಯೇ ಊರಿಗೆ ಹೊರಡುವುದೂ ಇದೇ ದಾರಿಯಲ್ಲಿ. ಲಾರಿ, ಬಸ್ಸುಗಳು ಚೆಲ್ಲಿದ ಡೀಸೆಲ್, ಎಣ್ಣೆ, ಸವೆದ ರಬ್ಬರಿನ ಪುಡಿ, ಕಟ್ಟಡ ಕಾಮಗಾರಿಯ ಮಣ್ಣು ಬೇಸಗೆಯುದ್ದಕ್ಕೂ ಇಂಥ ರಸ್ತೆಯ ಮೇಲೆ ಕೂಡಿರುತ್ತವೆ. ಮೊದಲ ಮಳೆಯ ಹನಿಗಳು ಬಿದ್ದಾಗ ಇವೆಲ್ಲವೂ ಸೇರಿ ಸೋಪಿನ ನೊರೆಯಂಥ ಜಾರುವ ಲೇಪವಾಗುತ್ತದೆ. ಜೋರು ಮಳೆ ಕೆಲಹೊತ್ತು ಸುರಿದ ಮೇಲೆ ರಸ್ತೆ ತೊಳೆದುಹೋಗಿ ಜಾರುವಿಕೆ ಕಡಿಮೆಯಾಗುತ್ತದೆ. ಆದ್ದರಿಂದ ಅತ್ಯಂತ ಅಪಾಯದ ಹೊತ್ತು ಮಳೆ ಆರಂಭವಾದ ಮೊದಲ ಹತ್ತು ಹದಿನೈದು ನಿಮಿಷಗಳು. ಬಿಳಿ ಪಟ್ಟೆಗಳು, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳಗಳು, ಮೇಲ್ಸೇತುವೆಯ ಜೋಡಣೆಯ ಕಬ್ಬಿಣದ ಪಟ್ಟಿಗಳು ಇವುಗಳ ಮೇಲಂತೂ ಯಾವ ಟೈರಿಗೂ ಹಿಡಿತ ಸಾಲದು.

ಒದ್ದೆ ರಸ್ತೆಯಲ್ಲಿ ಟೈರು ಮಾಡುವ ಕೆಲಸ

ಬೈಕು ಮತ್ತು ಅದರ ಮೇಲೆ ಕುಳಿತ ಇಬ್ಬರು ಸೇರಿ 240 ಕಿಲೋ ತೂಗುವರೆಂದು ಇಟ್ಟುಕೊಳ್ಳೋಣ. ಟೈರಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಒತ್ತಡ ಇರುತ್ತದೆ. ಪಂಪಿನವರ ಭಾಷೆಯಲ್ಲಿ ಇದು 28 ಪಾಯಿಂಟು. 240 ಕಿಲೋ ಭಾರವನ್ನು ಹೊರಲು ಎರಡೂ ಟೈರುಗಳು ಸೇರಿ ನೆಲವನ್ನು ಮುಟ್ಟುವ ಜಾಗ ಸುಮಾರು 120 ಚದರ ಸೆಂ.ಮೀ. ಆಯಿತು. ಅಂದರೆ ಒಂದೊಂದು ಟೈರು ನೆಲವನ್ನು ಮುಟ್ಟುವುದು ಬೆರಳುಗಳನ್ನು ಬಿಟ್ಟು ನಮ್ಮ ಅಂಗೈ ಎಷ್ಟಿದೆಯೋ ಸರಿಸುಮಾರು ಅಷ್ಟೇ ಜಾಗದಲ್ಲಿ. ಬ್ರೇಕು, ತಿರುವು, ವೇಗ ಎಲ್ಲವೂ ಈ ಎರಡು ಅಂಗೈಗಳ ಮೇಲೆ ನಿಂತಿವೆ.

ಒಣ ರಸ್ತೆಯಲ್ಲಿ ರಬ್ಬರು ಡಾಂಬರಿನ ಸೂಕ್ಷ್ಮ ಉಬ್ಬುತಗ್ಗುಗಳನ್ನು ಕಚ್ಚಿ ಹಿಡಿಯುತ್ತದೆ. ನಡುವೆ ನೀರಿನ ತೆಳುಪದರ ಬಂದರೆ ಈ ಹಿಡಿತ ತಪ್ಪುತ್ತದೆ. ಟೈರಿನ ಮೇಲಿನ ಕಚ್ಚುಗಳು, ಅಂದರೆ ನಾವು ಗ್ರಿಪ್ಪು ಎಂದು ಕರೆಯುವ ಕಾಲುವೆಗಳು, ಈ ನೀರನ್ನು ಪಕ್ಕಕ್ಕೆ ಸಾಗಿಸಿ ರಬ್ಬರಿಗೆ ನೆಲವನ್ನು ಮುಟ್ಟಲು ಅವಕಾಶ ಮಾಡಿಕೊಡುತ್ತವೆ. ಕೂಕಟ್‌ಪಲ್ಲಿ ನಾಲಾದ ಉದಾಹರಣೆ ನಮ್ಮ ಕಣ್ಣ ಮುಂದೆಯೇ ಇದೆ. ಹುಸೇನ್ ಸಾಗರಕ್ಕೆ ನೀರು ಒಯ್ಯುವ ಈ ನಾಲೆಯಲ್ಲಿ ಹೂಳು, ಕಸ ತುಂಬಿದರೆ ನೀರು ಕಾಲನಿಗಳ ಒಳಗೆ ಬರುತ್ತದೆ. ಟೈರಿನ ಕಾಲುವೆ ಸವೆದು ಆಳ ಕಡಿಮೆಯಾದರೂ ಇದೇ ಕಥೆ: ನೀರಿಗೆ ಹೋಗಲು ದಾರಿಯಿಲ್ಲ, ಅದು ಟೈರಿನ ಕೆಳಗೇ ಉಳಿಯುತ್ತದೆ.

ವೇಗ ಹೆಚ್ಚಿ, ನೀರು ಆಳವಾಗಿದ್ದರೆ ಟೈರು ನೆಲವನ್ನು ಬಿಟ್ಟು ನೀರಿನ ಮೇಲೆಯೇ ತೇಲತೊಡಗುತ್ತದೆ. ಆಗ ಹ್ಯಾಂಡಲ್ ತಿರುಗಿಸಿದರೂ ಬ್ರೇಕು ಹಿಡಿದರೂ ಪ್ರಯೋಜನವಿಲ್ಲ. ಅಮೆರಿಕದ ನಾಸಾ ಸಂಸ್ಥೆಯ ಸಂಶೋಧಕರು 1960ರ ದಶಕದಲ್ಲಿ ವಿಮಾನದ ಟೈರುಗಳನ್ನು ಪರೀಕ್ಷಿಸಿ, ಈ ತೇಲುವ ವೇಗವು ಟೈರಿನ ಒತ್ತಡದ ವರ್ಗಮೂಲವನ್ನು ಅವಲಂಬಿಸಿದೆ ಎಂಬ ಸರಳ ಸೂತ್ರವನ್ನು ಕೊಟ್ಟರು. ಅದರಂತೆ 28 ಪಾಯಿಂಟು ಗಾಳಿಯ ಟೈರು ಗಂಟೆಗೆ 88 ಕಿ.ಮೀ. ವೇಗದ ಸುಮಾರಿಗೆ ತೇಲಿದರೆ, 16 ಪಾಯಿಂಟಿನ ಟೈರು 66 ಕಿ.ಮೀ. ವೇಗಕ್ಕೇ ತೇಲುತ್ತದೆ. ಬೈಕಿನ ಟೈರು ದುಂಡಗಿದ್ದು ನೀರನ್ನು ಸೀಳಿಕೊಂಡು ಹೋಗುವುದರಿಂದ ಈ ಅಂಕಿಗಳು ಅದಕ್ಕೆ ಯಥಾವತ್ತಾಗಿ ಅನ್ವಯಿಸವು. ಆದರೂ ಗಾಳಿ ಕಡಿಮೆಯಾದಷ್ಟೂ ಅಪಾಯ ಹೆಚ್ಚು ಎಂಬ ತತ್ತ್ವ ಬದಲಾಗದು. ಮಳೆಗಾಲದಲ್ಲಿ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎಂಬ ನಂಬಿಕೆ ಡಾಂಬರು ರಸ್ತೆಯ ಮಟ್ಟಿಗೆ ಸಂಪೂರ್ಣ ತಪ್ಪು.

ಯಾವಾಗ ಬದಲಿಸಬೇಕು?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 94ನೇ ನಿಯಮವು ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳ ಟೈರಿನ ಕಚ್ಚಿನ ಆಳ ಕನಿಷ್ಠ 0.8 ಮಿಲಿಮೀಟರ್ ಇರಬೇಕೆಂದು ವಿಧಿಸುತ್ತದೆ. ಕಾರು ಮುಂತಾದವುಗಳಿಗೆ ಈ ಮಿತಿ 1.6 ಮಿ.ಮೀ. ಟೈರಿನ ಪಕ್ಕದ ಗೋಡೆಯ ಮೇಲೆ ಟಿಡಬ್ಲ್ಯುಐ ಎಂಬ ಅಕ್ಷರಗಳು ಅಥವಾ ಒಂದು ಪುಟ್ಟ ತ್ರಿಕೋನದ ಗುರುತು ಇರುತ್ತದೆ. ಆ ಗುರುತಿನ ನೇರಕ್ಕೆ ಕಾಲುವೆಯೊಳಗೆ ನೋಡಿದರೆ ರಬ್ಬರಿನ ಸಣ್ಣ ಕಟ್ಟೆಯೊಂದು ಕಾಣುತ್ತದೆ. ಟೈರಿನ ಮೇಲ್ಮೈ ಸವೆದು ಈ ಕಟ್ಟೆಯ ಸಮಕ್ಕೆ ಬಂದಿದ್ದರೆ ಅದರ ಆಯುಷ್ಯ ಮುಗಿಯಿತು.

ಆದರೆ ಇದು ಕಾನೂನಿನ ಕಟ್ಟಕಡೆಯ ಮಿತಿ. ಪರೀಕ್ಷೆಯಲ್ಲಿ ಮೂವತ್ತೈದು ಅಂಕ ಬಂದ ಹಾಗೆ. ಹೊಸ ಹಿಂಬದಿ ಟೈರಿನಲ್ಲಿ ಸಾಮಾನ್ಯವಾಗಿ 5ರಿಂದ 7 ಮಿ.ಮೀ. ಆಳವಿರುತ್ತದೆ. ಒದ್ದೆ ರಸ್ತೆಯಲ್ಲಿ ಓಡಾಡುವವರು 2 ಮಿ.ಮೀ. ಉಳಿದಿರುವಾಗಲೇ ಬದಲಿಸುವುದು ವಿವೇಕ. ಒಂದು ಟೈರು ಮೇ ತಿಂಗಳಿನಲ್ಲಿ ಈ ಅಂಚಿಗೆ ಬಂದಿದ್ದರೆ ಅದನ್ನು ದಸರೆಯವರೆಗೆ ಎಳೆಯದೆ, ಮೃಗಶಿರಾ ಮಳೆಗೆ ಮೊದಲೇ ಬದಲಿಸಬೇಕು.

ಸವೆತವಷ್ಟೇ ಅಲ್ಲ, ವಯಸ್ಸೂ ಮುಖ್ಯ. ರಬ್ಬರು ಬಿಸಿಲಿಗೂ ಗಾಳಿಗೂ ಗಟ್ಟಿಯಾಗುತ್ತ ಹೋಗುತ್ತದೆ, ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಹೀಗೆ ಗಟ್ಟಿಯಾದ ರಬ್ಬರಿಗೆ ಕಚ್ಚು ಎಷ್ಟೇ ಆಳವಿದ್ದರೂ ಒದ್ದೆ ನೆಲ ಹಿಡಿಯುವ ಮೃದುತ್ವ ಇರುವುದಿಲ್ಲ. ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ವರ್ಷಗಟ್ಟಲೆ ನಿಂತ, ಮಗ ಅಮೆರಿಕಕ್ಕೆ ಹೋದಾಗ ಬಿಟ್ಟುಹೋದ ಬೈಕುಗಳ ವಿಷಯದಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ನೋಡಲು ಹೊಸದರಂತಿರುವ ಆ ಟೈರುಗಳನ್ನು ನಂಬುವಂತಿಲ್ಲ. ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ಪರೀಕ್ಷಿಸಿ, ಬಿರುಕು ಕಂಡರೆ ತೆಗೆಸುವುದು ಒಳ್ಳೆಯದು.

ಟೈರಿನ ಮೈಮೇಲಿನ ಬರಹ

ಟೈರಿನ ಪಕ್ಕದ ಗೋಡೆ ಒಂದು ಪಾಸ್‌ಬುಕ್ಕಿನಂತೆ. ಓದಲು ಬಂದರೆ ಎಲ್ಲವೂ ಅಲ್ಲಿದೆ. ಉದಾಹರಣೆಗೆ ನಮ್ಮಲ್ಲಿ ಬಹಳ ಮಂದಿ ಇಟ್ಟುಕೊಂಡಿರುವ 100 ಸಿಸಿ ಬೈಕಿನ ಹಿಂಬದಿ ಟೈರಿನ ಮೇಲೆ 80/100-18 54ಪಿ ಎಂದಿರುತ್ತದೆ. ಇದರಲ್ಲಿ 80 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 100 ಎಂಬುದು ಅಗಲಕ್ಕೆ ಹೋಲಿಸಿದರೆ ಗೋಡೆಯ ಎತ್ತರ ನೂರಕ್ಕೆ ಎಷ್ಟು ಎಂಬ ಲೆಕ್ಕ. 18 ಎಂಬುದು ಚಕ್ರದ ರಿಮ್ಮಿನ ಅಳತೆ, ಇಂಚುಗಳಲ್ಲಿ. 54 ಎಂಬುದು ಭಾರದ ಸಂಕೇತ. ಅದರರ್ಥ ಆ ಟೈರು ಗರಿಷ್ಠ 212 ಕಿಲೋ ಹೊರಬಲ್ಲದು. ಇದೇ ಬೈಕಿನ ಮುಂಬದಿ ಟೈರಿನ ಮೇಲೆ 47 ಎಂದಿರುತ್ತದೆ. ಅದರ ಮಿತಿ 175 ಕಿಲೋ. ಕೊನೆಯ ಅಕ್ಷರ ವೇಗದ ಮಿತಿ: ಜೆ ಎಂದರೆ ಗಂಟೆಗೆ 100 ಕಿ.ಮೀ., ಎಲ್ ಎಂದರೆ 120, ಪಿ ಎಂದರೆ 150, ಎಸ್ ಎಂದರೆ 180. ಅಳತೆ ಒಂದೇ ಆದರೂ ಭಾರದ ಸಂಕೇತ ಕಡಿಮೆಯಿರುವ ಟೈರನ್ನು ಹಿಂಬದಿಗೆ ಹಾಕಿಸಬಾರದು. ಇಬ್ಬರು ಕುಳಿತು, ನಡುವೆ ಮಗು, ಮುಂದೆ ಇಪ್ಪತ್ತೈದು ಕಿಲೋ ಅಕ್ಕಿ ಚೀಲ ಎಂಬ ನಮ್ಮ ಪದ್ಧತಿಯಲ್ಲಂತೂ ಖಂಡಿತ ಕೂಡದು.

ಇನ್ನೊಂದೆಡೆ ನಾಲ್ಕು ಅಂಕಿಗಳು ಇರುತ್ತವೆ. 2325 ಎಂದಿದ್ದರೆ 2025ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಔಷಧಿ ಕೊಳ್ಳುವಾಗ ದಿನಾಂಕ ನೋಡುವಂತೆ ಇದನ್ನೂ ನೋಡಿಯೇ ಕೊಳ್ಳಬೇಕು. ಒಂದು ವರ್ಷದೊಳಗಿನದಾದರೆ ಉತ್ತಮ. ಅಂಗಡಿಯಲ್ಲಿ ಮೂರು ವರ್ಷ ಕುಳಿತ ಟೈರನ್ನು ರಿಯಾಯಿತಿಗೆ ಮರುಳಾಗಿ ತರಬಾರದು. ಭಾರತದಲ್ಲಿ ಮಾರುವ ದ್ವಿಚಕ್ರ ವಾಹನದ ಟೈರಿಗೆ ಐಎಸ್ 15627 ಎಂಬ ಮಾನಕದ ಐಎಸ್ಐ ಮುದ್ರೆ ಕಡ್ಡಾಯ. ಅದಿಲ್ಲದ ಟೈರನ್ನು ಮುಟ್ಟುವುದೇ ಬೇಡ. ಇವುಗಳ ಜೊತೆಗೆ ಒಂದು ಬಾಣದ ಗುರುತೂ ಇರುತ್ತದೆ. ಚಕ್ರ ಮುಂದಕ್ಕೆ ಉರುಳುವಾಗ ಆ ಬಾಣವೂ ಮುಂದಕ್ಕೆ ತಿರುಗಬೇಕು. ತಿರುವುಮುರುವಾಗಿ ಹಾಕಿದರೆ ನೀರನ್ನು ಹೊರಗೆ ತಳ್ಳಬೇಕಾದ ಕಾಲುವೆಗಳು ತಮ್ಮ ಕೆಲಸ ಸರಿಯಾಗಿ ಮಾಡಲಾರವು. ಪಂಕ್ಚರ್ ಅಂಗಡಿಯಲ್ಲಿ ಅವಸರದಲ್ಲಿ ಆಗುವ ತಪ್ಪು ಇದು.

ಮಳೆಗೆ ಯಾವ ಬಗೆಯ ಟೈರು?

ಮೊದಲನೆಯದಾಗಿ, ವಾಹನ ತಯಾರಕರು ಹೇಳಿದ ಅಳತೆಯನ್ನೇ ಹಾಕಿಸಬೇಕು. ನಮ್ಮ ಯುವಕರಿಗೆ ಹಿಂಬದಿ ಟೈರು ದಪ್ಪವಾಗಿದ್ದಷ್ಟೂ ಚೆಂದ. ಆದರೆ ಅಗಲವಾದ ಟೈರು ಸೀಳಬೇಕಾದ ನೀರೂ ಹೆಚ್ಚು, ಆದ್ದರಿಂದ ನಿಂತ ನೀರಿನಲ್ಲಿ ಅದು ಬೇಗ ತೇಲುತ್ತದೆ. ಕಿರಿದಾದ ರಿಮ್ಮಿಗೆ ಅಗಲದ ಟೈರು ಏರಿಸಿದರೆ ಅದರ ಆಕಾರವೂ ಕೆಟ್ಟು ತಿರುವಿನಲ್ಲಿ ಬೈಕಿನ ನಡೆ ಬದಲಾಗುತ್ತದೆ.

ಎರಡನೆಯದಾಗಿ, ಕಚ್ಚುಗಳ ವಿನ್ಯಾಸ. ನಡುವಿನಿಂದ ಹೊರಟು ಅಂಚಿನವರೆಗೆ ಓರೆಯಾಗಿ ಸಾಗುವ, ತೆರೆದ ಕಾಲುವೆಗಳಿರುವ ಟೈರು ನೀರನ್ನು ಚೆನ್ನಾಗಿ ಹೊರಹಾಕುತ್ತದೆ. ಹೆಚ್ಚಿನ ಭಾಗ ನುಣುಪಾಗಿದ್ದು ಅಲ್ಲೊಂದು ಇಲ್ಲೊಂದು ಗೀರು ಇರುವ ರೇಸಿಂಗ್ ಮಾದರಿಯವು ಒಣ ರಸ್ತೆಗೆ ಹೇಳಿದಂಥವು. ಇದಕ್ಕೆ ವಿರುದ್ಧವಾಗಿ, ದೊಡ್ಡ ಗುಬಟುಗಳಿರುವ ಬಟನ್ ಟೈರುಗಳು ಹೊಲದ ಕೆಸರಿನಲ್ಲಿ ಉಪಯುಕ್ತವೇ ಹೊರತು ಒದ್ದೆ ಡಾಂಬರಿನ ಮೇಲೆ ಅಲ್ಲ. ಗುಬಟುಗಳ ತುದಿಯಷ್ಟೇ ನೆಲ ಮುಟ್ಟುವುದರಿಂದ ಹಿಡಿತ ಕಡಿಮೆ. ಗ್ರಿಪ್ಪು ದೊಡ್ಡದಿದ್ದಷ್ಟೂ ಮಳೆಗೆ ಒಳ್ಳೆಯದೆಂಬುದು ತಪ್ಪು ತಿಳುವಳಿಕೆ.

ಮೂರನೆಯದು, ಕಣ್ಣಿಗೆ ಕಾಣದ್ದು: ರಬ್ಬರಿನ ಮಿಶ್ರಣ. ರಬ್ಬರಿಗೆ ಬಲ ಬರಲು ಹಿಂದಿನಿಂದಲೂ ಇಂಗಾಲದ ಕಪ್ಪುಪುಡಿಯನ್ನು ಬೆರೆಸುತ್ತಾರೆ. ಟೈರು ಕಪ್ಪಗಿರುವುದು ಅದರಿಂದಲೇ. 1990ರ ದಶಕದಲ್ಲಿ ಫ್ರಾನ್ಸಿನ ಮಿಶೆಲಿನ್ ಸಂಸ್ಥೆ ಅದರ ಬದಲು ಸಿಲಿಕಾ ಎಂಬ, ಮರಳಿನಲ್ಲಿರುವ ಪದಾರ್ಥದ ಅತಿಸೂಕ್ಷ್ಮ ಪುಡಿಯನ್ನು ಹೆಚ್ಚಾಗಿ ಬಳಸುವ ಟೈರುಗಳನ್ನು ಬಳಕೆಗೆ ತಂದಿತು. ಸಿಲಿಕಾ ಬೆರೆತ ರಬ್ಬರು ತಂಪಾದ, ಒದ್ದೆಯಾದ ನೆಲದಲ್ಲಿಯೂ ಮೃದುವಾಗಿ ಉಳಿದು ಹೆಚ್ಚು ಹಿಡಿತ ಕೊಡುತ್ತದೆ. ಇಂದು ದ್ವಿಚಕ್ರ ವಾಹನಗಳಿಗೂ ಇಂಥ ಟೈರುಗಳು ದೊರೆಯುತ್ತವೆ. ಅಂಗಡಿಯಲ್ಲಿ ನಾವು ಕೇಳುವ ಒಂದೇ ಪ್ರಶ್ನೆ "ಎಷ್ಟು ಕಿಲೋಮೀಟರು ಬರುತ್ತದೆ?" ಎಂಬುದು. ಬಹಳ ಕಾಲ ಬಾಳುವ ಟೈರಿನ ರಬ್ಬರು ಸಾಮಾನ್ಯವಾಗಿ ಗಟ್ಟಿ. ಗಟ್ಟಿ ರಬ್ಬರಿಗೆ ಒದ್ದೆಯಲ್ಲಿ ಹಿಡಿತ ಕಡಿಮೆ. ಐದಾರು ಸಾವಿರ ಕಿಲೋಮೀಟರು ಕಡಿಮೆ ಬಂದರೂ ಚಿಂತೆಯಿಲ್ಲ, ಮಳೆಯಲ್ಲಿ ಹಿಡಿತ ಚೆನ್ನಾಗಿರುವುದನ್ನು ಕೊಡಿ ಎಂದು ಕೇಳುವ ಗಿರಾಕಿಗಳು ನಾವಾಗಬೇಕು.

ಟ್ಯೂಬ್‌ಲೆಸ್ ಟೈರಿನ ಲಾಭವೇನೆಂದರೆ ಮೊಳೆ ಚುಚ್ಚಿದರೂ ಗಾಳಿ ನಿಧಾನವಾಗಿ ಇಳಿಯುತ್ತದೆ. ಟ್ಯೂಬು ಒಡೆದಂತೆ ಒಮ್ಮೆಲೇ ನೆಲಕಚ್ಚುವುದಿಲ್ಲ. ಮಳೆ ನೀರಿನಲ್ಲಿ ಮೊಳೆ, ಗಾಜು ಕಾಣದಿರುವುದರಿಂದ ಇದು ದೊಡ್ಡ ಅನುಕೂಲ. ಆದರೆ ಅದಕ್ಕೆ ತಕ್ಕ ರಿಮ್ಮು ಬೇಕು. ಸಾಮಾನ್ಯ ಕಡ್ಡಿಚಕ್ರಗಳಿಗೆ ಟ್ಯೂಬು ಇರಲೇಬೇಕು, ಮತ್ತು ಹೊಸ ಟೈರಿಗೆ ಹೊಸ ಟ್ಯೂಬನ್ನೇ ಹಾಕಿಸಬೇಕು. ಒಂದು ಚಕ್ರಕ್ಕೆ ರೇಡಿಯಲ್, ಇನ್ನೊಂದಕ್ಕೆ ಸಾಧಾರಣ ಟೈರು ಎಂದು ತಯಾರಕರು ಹೇಳದಿರುವಾಗ ನಾವಾಗಿ ಮಿಶ್ರ ಮಾಡಬಾರದು.

ಸಂಸ್ಥೆಗಳ ವಿಷಯಕ್ಕೆ ಬಂದರೆ ಎಂಆರ್‌ಎಫ್, ಸಿಯೆಟ್, ಟಿವಿಎಸ್ ಯೂರೋಗ್ರಿಪ್, ಅಪೊಲೊ, ಜೆ.ಕೆ., ಮಿಶೆಲಿನ್ ಮುಂತಾದವುಗಳ ದ್ವಿಚಕ್ರ ಟೈರುಗಳು ಮಾರುಕಟ್ಟೆಯಲ್ಲಿವೆ. ಮದರಾಸಿನಲ್ಲಿ 1946ರಲ್ಲಿ ಆಟಿಕೆಯ ಬಲೂನು ತಯಾರಿಕೆಯಿಂದ ಹುಟ್ಟಿದ ಎಂಆರ್‌ಎಫ್ ಸಂಸ್ಥೆಯ ಕಾರ್ಖಾನೆ ನಮ್ಮ ಇದೇ ಹೆದ್ದಾರಿಯ ಸದಾಶಿವಪೇಟೆಯ ಬಳಿಯೂ ಇದೆ. ಬೀದರಕ್ಕೆ ಹೋಗುವಾಗ ನಾವೆಲ್ಲ ಅದನ್ನು ದಾಟಿದವರೇ. ಇಂಥದೇ ಕೊಳ್ಳಿರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಒಂದೇ ಸಂಸ್ಥೆಯಲ್ಲಿಯೂ ಬಾಳಿಕೆಯ ಟೈರು ಬೇರೆ, ಹಿಡಿತದ ಟೈರು ಬೇರೆ ಇರುತ್ತವೆ ಎಂಬುದನ್ನು ಅರಿತು ಮಾದರಿಯನ್ನು ಕೇಳಿ ಆರಿಸಬೇಕು.

ಮುಂದಿನ ಟೈರನ್ನು ಮರೆಯದಿರಿ

ಹಿಂಬದಿ ಟೈರು ಬೇಗ ಸವೆಯುವುದರಿಂದ ನಾವು ಅದನ್ನಷ್ಟೇ ಬದಲಿಸುತ್ತೇವೆ. ಆದರೆ ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಚಕ್ರದ್ದು. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಕ್ಷಣಕಾಲವಾದರೂ ಸಿಕ್ಕೀತು. ಮುಂದಿನದು ಜಾರಿದರೆ ಬಿದ್ದ ಮೇಲೆಯೇ ತಿಳಿಯುವುದು. ಆದ್ದರಿಂದ ಎರಡು ಬಾರಿ ಹಿಂದಿನದನ್ನು ಬದಲಿಸಿ, ಮುಂದಿನದು ಏಳೆಂಟು ವರ್ಷದ ಹಳೆಯದೇ ಉಳಿದಿದ್ದರೆ ಅದನ್ನು ತಡಮಾಡದೆ ತೆಗೆಸಬೇಕು.

2019ರ ಏಪ್ರಿಲಿನಿಂದ 125 ಸಿಸಿಗಿಂತ ಹೆಚ್ಚಿನ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೆ ಎಬಿಎಸ್ ಬ್ರೇಕು ಕಡ್ಡಾಯವಾಯಿತು. ಚಕ್ರ ಪೂರ್ತಿ ನಿಂತು ಜಾರದಂತೆ ಅದು ತಡೆಯುತ್ತದೆ, ನಿಜ. ಆದರೆ ಇಲ್ಲದ ಹಿಡಿತವನ್ನು ಅದು ಹುಟ್ಟಿಸಲಾರದು. ಬೋಳು ಟೈರಿಗೆ ಎಬಿಎಸ್ ಇದ್ದರೂ ನಿಲ್ಲಲು ಬೇಕಾದ ದೂರ ಹೆಚ್ಚೇ.

ಅಗ್ಗದ ಉಪಾಯಗಳು

ಸವೆದ ಟೈರಿಗೆ ಬಿಸಿ ಬ್ಲೇಡಿನಿಂದ ಹೊಸ ಕಚ್ಚು ಕೊರೆದುಕೊಡುವವರು ಕೆಲವೆಡೆ ಇದ್ದಾರೆ. ಇದರಿಂದ ಒಳಗಿನ ನೂಲಿನ ಪದರಕ್ಕೂ ರಸ್ತೆಗೂ ನಡುವಿನ ರಬ್ಬರು ಇನ್ನಷ್ಟು ತೆಳುವಾಗಿ ಟೈರು ಸಿಡಿಯುವ ಅಪಾಯ ಬರುತ್ತದೆ. ರೀಟ್ರೆಡ್ ಮಾಡಿದ ಅಥವಾ ಯಾರೋ ತೆಗೆದುಹಾಕಿದ ಸೆಕೆಂಡ್‌ಹ್ಯಾಂಡ್ ಟೈರನ್ನು ಬೈಕಿಗೆ ಹಾಕಿಸುವುದೂ ಬೇಡ. ವಾಟರ್ ವಾಷ್ ಮಾಡುವವರು ಹೊಳಪಿಗಾಗಿ ಟೈರಿಗೆ ಪಾಲಿಶ್ ಬಳಿಯುತ್ತಾರೆ. ಅದು ನೆಲ ಮುಟ್ಟುವ ಭಾಗಕ್ಕೆ ಅಂಟಿದರೆ ಎಣ್ಣೆ ಹಚ್ಚಿದಂತೆಯೇ. ಮೊದಲೇ ಬೇಡವೆಂದು ಹೇಳಿಬಿಡಬೇಕು. ನೈಟ್ರೋಜನ್ ತುಂಬಿಸಿದರೆ ಮಳೆಯಲ್ಲಿ ಹಿಡಿತ ಹೆಚ್ಚುತ್ತದೆಂಬುದಕ್ಕೂ ಆಧಾರವಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಪಾಲು ಅದೇ ಇದೆ.

ಗಾಲಿಯೋ ಗಾಳಿಯೋ?

ಇಲ್ಲಿ ಒಂದು ಭಾಷೆಯ ತಮಾಷೆ. ಹೊಸದಾಗಿ ಬಂದ ನಮ್ಮವರೊಬ್ಬರು ಪಂಕ್ಚರ್ ಅಂಗಡಿಯ ಮುಂದೆ ಬೈಕು ನಿಲ್ಲಿಸಿ "ಗಾಲಿ ನೋಡಪ್ಪಾ" ಎಂದರಂತೆ. ಹುಡುಗ ಚಕ್ರವನ್ನು ನೋಡಲಿಲ್ಲ, ಪೈಪು ತಂದು ಗಾಳಿ ತುಂಬಿದ. ಕನ್ನಡದ ಗಾಲಿ ಚಕ್ರವಾದರೆ ತೆಲುಗಿನ ಗಾಲಿ ಗಾಳಿ! ಮಳೆಗಾಲದಲ್ಲಿ ಎರಡು ಭಾಷೆಯ ಗಾಲಿಯನ್ನೂ ನೋಡಿಸಬೇಕೆಂಬುದೇ ಇದರ ನೀತಿ.

ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ, ಅಂದರೆ ಬೆಳಿಗ್ಗೆ ಮನೆಯಿಂದ ಹೊರಟ ಕೂಡಲೇ ಹತ್ತಿರದ ಪಂಪಿನಲ್ಲಿ ನೋಡಿಸಬೇಕು. ಎಷ್ಟು ಎಂಬುದನ್ನು ಪಂಪಿನ ಹುಡುಗನ ಅಂದಾಜಿಗೆ ಬಿಡದೆ, ಚೈನು ಕವರಿನ ಮೇಲಿನ ಚೀಟಿ ಅಥವಾ ಬೈಕಿನೊಡನೆ ಕೊಟ್ಟ ಪುಸ್ತಕದಲ್ಲಿರುವಂತೆ ಹಾಕಿಸಬೇಕು. ಒಬ್ಬರೇ ಹೋಗುವಾಗ ಒಂದು, ಇಬ್ಬರಿದ್ದಾಗ ಹಿಂಬದಿಗೆ ಹೆಚ್ಚು ಎಂದು ಎರಡು ಅಳತೆ ಕೊಟ್ಟಿರುತ್ತಾರೆ. ಅತಿಯಾಗಿ ತುಂಬಿದರೂ ನೆಲ ಮುಟ್ಟುವ ಜಾಗ ಕುಗ್ಗಿ ಹಿಡಿತ ಕಡಿಮೆಯಾಗುತ್ತದೆ.

ಹೊಸ ಟೈರಿನ ಮೇಲ್ಮೈ ನುಣುಪಾಗಿದ್ದು ಅಚ್ಚಿನಿಂದ ಬಂದ ಜಾರುವ ಅಂಶವೂ ಅದರ ಮೇಲಿರಬಹುದು. ಮೊದಲ ನೂರು ನೂರೈವತ್ತು ಕಿಲೋಮೀಟರು ಮೆಲ್ಲಗೆ, ಗಟ್ಟಿ ಬ್ರೇಕು ಹಾಕದೆ, ಹೆಚ್ಚು ವಾಲಿಸದೆ ಓಡಿಸಬೇಕು. ಸುರಿಯುವ ಮಳೆಯ ದಿನವೇ ಟೈರು ಬದಲಿಸಿ ಹೊರಡುವುದಕ್ಕಿಂತ ಮಳೆಗಾಲದ ಮುನ್ನವೇ ಬದಲಿಸಿರಿ ಎನ್ನಲು ಇದೂ ಒಂದು ಕಾರಣ.

ಒಳ್ಳೆಯ ಟೈರಿಗೂ ಮಿತಿಯಿದೆ

ಒಂದು ಲೆಕ್ಕ ನೋಡೋಣ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವವನು ಅಪಾಯ ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ತೆಗೆದುಕೊಂಡರೆ ಅಷ್ಟರಲ್ಲಿಯೇ 14 ಮೀಟರು ಸಾಗಿರುತ್ತಾನೆ. ಘರ್ಷಣೆಯ ಪ್ರಮಾಣ ಒಣ ರಸ್ತೆಯಲ್ಲಿ 0.7, ಒದ್ದೆಯಲ್ಲಿ 0.4 ಎಂದಿಟ್ಟುಕೊಂಡರೆ, ಆ ನಂತರ ನಿಲ್ಲಲು ಒಣ ರಸ್ತೆಯಲ್ಲಿ ಇನ್ನೂ 14 ಮೀಟರು, ಒದ್ದೆಯಲ್ಲಿ 25 ಮೀಟರು ಬೇಕು. ಒಟ್ಟು 28 ಮೀಟರು ಎಲ್ಲಿ, 39 ಮೀಟರು ಎಲ್ಲಿ! ಅದೇ ಒದ್ದೆ ರಸ್ತೆಯಲ್ಲಿ ವೇಗವನ್ನು 30ಕ್ಕೆ ಇಳಿಸಿದರೆ ಒಟ್ಟು 17 ಮೀಟರಿನಲ್ಲಿ ನಿಲ್ಲಬಹುದು. ಟೈರು ಎಷ್ಟೇ ಉತ್ತಮವಾಗಿರಲಿ, ವೇಗವನ್ನು ಇಳಿಸುವುದಕ್ಕೆ ಸಮನಾದ ರಕ್ಷಣೆ ಇಲ್ಲ.

ಎರಡೂ ಬ್ರೇಕುಗಳನ್ನು ಒಟ್ಟಿಗೆ, ಮೆಲ್ಲಗೆ ಆರಂಭಿಸಿ ಬಲ ಹೆಚ್ಚಿಸುತ್ತ ಹೋಗಬೇಕು. ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳಗಳ ಮೇಲೆ ಬ್ರೇಕು ಹಾಕದೆ ನೇರವಾಗಿ ದಾಟಬೇಕು. ನಿಂತ ನೀರನ್ನು ದಾಟಿ ಬಂದ ಮೇಲೆ, ಹಿಂದೆ ವಾಹನವಿಲ್ಲದಿರುವುದನ್ನು ನೋಡಿಕೊಂಡು, ಬ್ರೇಕನ್ನು ಹಗುರವಾಗಿ ಎರಡು ಮೂರು ಬಾರಿ ಒತ್ತಿ ಒಣಗಿಸಿಕೊಳ್ಳಬೇಕು. ನೀರು ಹರಿಯುತ್ತಿದ್ದು ರಸ್ತೆಯೇ ಕಾಣದಿದ್ದರೆ ಯಾವ ಟೈರೂ ಕಾಪಾಡದು. ಮುಚ್ಚಳ ತೆರೆದ ಮ್ಯಾನ್‌ಹೋಲು ಅದರ ಕೆಳಗಿರಬಹುದು. ಮೆಟ್ರೋ ನಿಲ್ದಾಣದ ಕೆಳಗೆ ಬೈಕು ನಿಲ್ಲಿಸಿ ರೈಲಿನಲ್ಲಿ ಹೋಗುವುದರಲ್ಲಿ ಅವಮಾನವೇನೂ ಇಲ್ಲ. ಮಿಯಾಪುರದಿಂದ ಅಮೀರ್‌ಪೇಟೆಯವರೆಗೆ 2017ರ ನವೆಂಬರಿನಿಂದ ಆ ಸೌಕರ್ಯ ನಮಗಿದೆ.

ಕೊಳ್ಳುವ ಮುನ್ನ ಒಂದು ಪಟ್ಟಿ

1. ಹಳೆಯ ಟೈರಿನ ಮೇಲಿನ ಅಳತೆ, ಭಾರದ ಸಂಕೇತ, ವೇಗದ ಅಕ್ಷರಗಳನ್ನು ಚೀಟಿಯಲ್ಲಿ ಬರೆದುಕೊಂಡು, ಬೈಕಿನ ಪುಸ್ತಕದೊಡನೆ ತಾಳೆ ನೋಡಿರಿ.

2. ತಯಾರಿಕೆಯ ನಾಲ್ಕು ಅಂಕಿ ಮತ್ತು ಐಎಸ್ಐ ಮುದ್ರೆಯನ್ನು ಸ್ವತಃ ನೋಡಿರಿ.

3. ಮಳೆಯಲ್ಲಿ ಹಿಡಿತ ಚೆನ್ನಾಗಿರುವ, ಓರೆ ಕಾಲುವೆಗಳಿರುವ ಮಾದರಿಯನ್ನು ಕೇಳಿರಿ. ಸಿಲಿಕಾ ಮಿಶ್ರಣದ್ದು ಇದೆಯೇ ಎಂದು ವಿಚಾರಿಸಿರಿ.

4. ಟೈರು ಕೂರಿಸುವಾಗ ಎದುರಿಗೇ ನಿಂತು ಬಾಣದ ದಿಕ್ಕನ್ನು ಗಮನಿಸಿರಿ. ಹೊಸ ಟ್ಯೂಬು ಅಥವಾ ಹೊಸ ವಾಲ್ವು ಹಾಕಿಸಿರಿ.

5. ಬಿಲ್ಲು ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ವಾರಂಟಿಗೂ ಆ ಬಿಲ್ಲೇ ಆಧಾರ.

6. ಮುಂದಿನ ಟೈರಿನ ವಯಸ್ಸನ್ನೂ ಅದೇ ದಿನ ನೋಡಿಬಿಡಿರಿ.

ಆಯುಧಪೂಜೆಯ ದಿನ ನಾವು ವಾಹನಕ್ಕೆ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಮನೆಯವರನ್ನೆಲ್ಲ ಕ್ಷೇಮವಾಗಿ ಕರೆದೊಯ್ಯಲೆಂದು ಪ್ರಾರ್ಥಿಸುತ್ತೇವೆ. ಆ ಪ್ರಾರ್ಥನೆ ಹಾಗೆಯೇ ಇರಲಿ. ಆದರೆ ಅದಕ್ಕೆ ನಾಲ್ಕು ತಿಂಗಳು ಮೊದಲು, ಮೋಡ ಕಟ್ಟುವ ಮುನ್ನ, ಒಂದು ಭಾನುವಾರ ಬೆಳಿಗ್ಗೆ ಕೆಳಗಿಳಿದು ಎರಡೂ ಚಕ್ರಗಳ ಮುಂದೆ ಒಮ್ಮೆ ಕುಕ್ಕರಗಾಲಿನಲ್ಲಿ ಕುಳಿತು ನೋಡೋಣ. ನಮ್ಮ ಬೈಕು ಮಾತ್ರವಲ್ಲ, ಮಗಳ ಸ್ಕೂಟರನ್ನೂ ಪಕ್ಕದ ಮನೆಯ ಹುಡುಗನ ಬೈಕನ್ನೂ ನೋಡೋಣ. ಐದು ನಿಮಿಷದ ಕೆಲಸ.